ಮನೆಯ ಚಾವಣಿಗಳು ಎಷ್ಟು ಕಾಲ ಬಾಳುವುವು?

ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಹಿಡುವಳಿದಾರರಿಗೂ ಗ್ರಾಮದ ಹಿರಿಯರಿಗೂ ತಿಳಿವಳಿಕೆ

ಬೀಜ, ಗೊಬ್ಬರ, ದನಕರುಗಳ ವಿಷಯವಾಗಿ ಹೊರಡುವ ಹಸ್ತಪತ್ರಿಕೆಗಳ ಸಾಲಿನಲ್ಲಿ ಮನೆಯ ಚಾವಣಿಯ ಮಾತೇಕೆ ಬಂದಿತೆಂದು ಕೆಲವರು ಕೇಳಬಹುದು. ಹೊಲದಲ್ಲಿ ಬೆಳೆದ ಜೋಳ, ತೊಗರಿ, ಭತ್ತಗಳು ಕಟ್ಟಕಡೆಗೆ ಬಂದು ಸೇರುವುದು ಒಂದು ಚಾವಣಿಯ ಕೆಳಗೆ. ಎತ್ತುಗಳು ಮಲಗುವುದೂ ಅಲ್ಲಿಯೇ. ಒಂದು ರಾತ್ರಿ ಸೋರಿದ ನೀರಿನಿಂದ ಹತ್ತು ಚೀಲ ತೊಗರಿಗೆ ಬೂಷ್ಟು ಹಿಡಿದರೆ ಆ ಬೆಳೆಗೆ ಮಾಡಿದ ಖರ್ಚೂ ಪಟ್ಟ ಶ್ರಮವೂ ಅದರೊಡನೆಯೇ ಹೋದುವೆಂದು ತಿಳಿಯಬೇಕು. ಮಾಳಿಗೆ ಕುಸಿದು ಜೋಡೆತ್ತು ಸತ್ತರೆ ಆ ವರ್ಷದ ಬೇಸಾಯವೇ ನಿಂತುಹೋಗುವುದು. ಮನುಷ್ಯರ ಪ್ರಾಣದ ಮಾತನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ೨೦೦೯ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿಯೂ ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿಯೂ ಉತ್ತರ ಕರ್ನಾಟಕದ ಮೇಲೆಲ್ಲ ಎಡೆಬಿಡದೆ ಸುರಿದ ಮಳೆಯನ್ನು ಈ ಸೀಮೆಯವರು ಮರೆತಿರಲಾರರು. ಆಗ ಯಾದಗಿರಿಯು ಇನ್ನೂ ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಬೇರೆ ಜಿಲ್ಲೆಯಾಯಿತು. ಆ ಮಳೆಗೆ ನಾಡಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ಹೊಳೆಯಲ್ಲಿ ಕೊಚ್ಚಿಹೋದವರಲ್ಲ. ತಮ್ಮ ಮನೆಯ ಗೋಡೆ ಮಾಳಿಗೆಗಳ ಅಡಿಯಲ್ಲಿಯೇ ಸಿಕ್ಕಿದವರು.

ಹಳ್ಳಿಗಳಲ್ಲಿ ಸಂಚರಿಸುವಾಗ ಬೆಳೆಯ ಮಾತು ಮುಗಿದ ಮೇಲೆ ಚಾವಡಿಯ ಕಟ್ಟೆಯ ಮೇಲೆ ಕುಳಿತವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವರು: “ಸಾಹೇಬರೇ, ಹಳೆಯ ಮಾಳಿಗೆ ಕಿತ್ತು ಸ್ಲ್ಯಾಬು ಹಾಕಿಸಲೋ, ತಗಡು ಹೊದಿಸಲೋ? ಯಾವುದು ಹೆಚ್ಚು ದಿನ ಬಾಳುವುದು?” ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಅದು ಸುಳ್ಳಾಗುವುದು. ಚಾವಣಿಯ ಆಯುಷ್ಯವು ಮೇಲೆ ಕಾಣುವ ಮಣ್ಣಿನ, ಹಂಚಿನ ಅಥವಾ ಸಿಮೆಂಟಿನ ಆಯುಷ್ಯವಲ್ಲ. ಅದರೊಳಗೆ ಕಣ್ಣಿಗೆ ಬೀಳದಂತಿರುವ ಯಾವುದೋ ಒಂದು ಅಂಗವು ಎಲ್ಲಕ್ಕಿಂತ ಮೊದಲು ಕೆಡುವುದು. ಚಾವಣಿಯ ಬಾಳು ಅಲ್ಲಿಗೇ ಮುಗಿಯುವುದು. ಆದುದರಿಂದ ಪ್ರತಿಯೊಂದು ಬಗೆಯ ಚಾವಣಿಯಲ್ಲಿಯೂ ಮೊದಲು ಕೆಡುವ ಅಂಗ ಯಾವುದು, ಅದನ್ನು ಮನೆ ಕೆಡಹದೆ ಬದಲಾಯಿಸಲು ಸಾಧ್ಯವೋ ಇಲ್ಲವೋ ಎಂಬುದನ್ನು ನೋಡತಕ್ಕದ್ದು.

ನಮ್ಮ ಸೀಮೆಯ ಮಣ್ಣಿನ ಮಾಳಿಗೆಯನ್ನೇ ಮೊದಲು ತೆಗೆದುಕೊಳ್ಳೋಣ. ಗೋಡೆಯ ಮೇಲೂ ಕಂಬ ಬೋದಿಗೆಗಳ ಮೇಲೂ ತೊಲೆ. ತೊಲೆಗಳ ಮೇಲೆ ಒತ್ತಾಗಿ ಜೋಡಿಸಿದ ಜಂತಿಗಳು. ಜಂತಿಗಳ ಮೇಲೆ ಸೀಳಿದ ಕಟ್ಟಿಗೆಯ ತುಂಡುಗಳು. ಅವುಗಳ ಮೇಲೆ ಬೇವಿನ ಅಥವಾ ಲಕ್ಕಿಯ ಸೊಪ್ಪು. ಅದರ ಮೇಲೆ ಹೊಟ್ಟು ಬೆರೆಸಿ ತುಳಿದ ಕೆಸರು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ನಮ್ಮ ಹಿರಿಯರು ಈ ಕ್ರಮವನ್ನು ಪುಸ್ತಕ ನೋಡಿ ಕಲಿತವರಲ್ಲ. ಆದರೆ ಇದರಲ್ಲಿ ಒಂದೊಂದಕ್ಕೂ ಕಾರಣವುಂಟು. ಬಿಸಿಲು ೪೦ ಡಿಗ್ರಿ ದಾಟುವ ಈ ನಾಡಿನಲ್ಲಿ ಒಂದು ಅಡಿ ದಪ್ಪದ ಮಣ್ಣು ಮಧ್ಯಾಹ್ನದ ಕಾವನ್ನು ಒಳಕ್ಕೆ ಬಿಡದೆ ತಡೆಯುವುದು. ಬೇವಿನ ಸೊಪ್ಪು ಹುಳುವನ್ನು ದೂರವಿಡುವುದು. ಇನ್ನು ಸವಳು ಮಣ್ಣಿನ ಗುಟ್ಟನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಹೊಲದಲ್ಲಿ ಸವಳು ಎಂದರೆ ರೈತನಿಗೆ ಶತ್ರು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆಯ ಕಾಲುವೆ ಸುರಪುರ, ಶಹಾಪುರಗಳ ಎರೆಭೂಮಿಗೆ ನೀರು ತಂದ ಮೇಲೆ, ಬಸಿಗಾಲುವೆ ಇಲ್ಲದ ಕಡೆಗಳಲ್ಲಿ ಸವಳು ಜವಳು ಕಾಣಿಸಿಕೊಂಡು ಒಳ್ಳೆಯ ಭೂಮಿಗಳು ಕೆಟ್ಟುದನ್ನು ಎಲ್ಲರೂ ಬಲ್ಲರು. ಆದರೆ ಬೆಳೆಗೆ ಶತ್ರುವಾದ ಈ ಗುಣವೇ ಮಾಳಿಗೆಗೆ ಮಿತ್ರ. ಇಂಥ ಮಣ್ಣಿನಲ್ಲಿ ಸೋಡಿಯಂ ಎಂಬ ಕ್ಷಾರಧಾತು ಹೆಚ್ಚಾಗಿರುವುದು. ನೀರು ಬಿದ್ದೊಡನೆ ಅದು ಜೇಡಿಯ ಅತಿಸೂಕ್ಷ್ಮ ಕಣಗಳನ್ನು ಒಂದರಿಂದೊಂದು ಬಿಡಿಸುವುದು. ಬಿಡಿಯಾದ ಕಣಗಳು ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುವುವು. ನೀರು ಕೆಳಗಿಳಿಯಲಾರದೆ ಮೇಲೆಯೇ ಹರಿದುಹೋಗುವುದು. ಹೊಲದಲ್ಲಿ ಬೇರಿಗೆ ನೀರು ಗಾಳಿಗಳು ಸಿಗದಂತೆ ಮಾಡುವುದೂ ಇದೇ. ಮೇಲಾಗಿ ಇಂಥ ಮಣ್ಣಿನಲ್ಲಿ ಹುಲ್ಲು ಸುಲಭವಾಗಿ ಹುಟ್ಟದು. ಮಾಳಿಗೆಯ ಮೇಲೆ ಹುಲ್ಲು ಹುಟ್ಟಿದರೆ ಅದರ ಬೇರು ನೀರಿಗೆ ದಾರಿ ತೋರಿಸುವುದು.

ಮಣ್ಣು ತಕ್ಕದ್ದೋ ಅಲ್ಲವೋ ಎಂದು ಪರೀಕ್ಷಿಸುವ ರೀತಿ ಸುಲಭವಾಗಿದೆ. ಒಂದು ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರನ್ನು ತುಂಬಿ, ಕಡಲೆಯಷ್ಟು ದೊಡ್ಡ ಒಣ ಹೆಂಟೆಯನ್ನು ಮೆಲ್ಲಗೆ ಬಿಟ್ಟು, ಅಲುಗಿಸದೆ ಮರುದಿನದವರೆಗೆ ಇಡಬೇಕು. ಹೆಂಟೆಯ ಸುತ್ತಲೂ ಹಾಲು ಕದಡಿದಂತೆ ನೀರು ಕಲಕಿ ಹಾಗೆಯೇ ನಿಂತರೆ ಆ ಮಣ್ಣು ಮಾಳಿಗೆಗೆ ಒಳ್ಳೆಯದು. ಹೆಂಟೆ ಕುಸಿದರೂ ನೀರು ತಿಳಿಯಾಗಿಯೇ ಉಳಿದರೆ ಅದು ಸೋರುವ ಮಣ್ಣು. ಬಾವಿಯ ಉಪ್ಪುನೀರಿನಲ್ಲಿ ಈ ಪರೀಕ್ಷೆ ಮಾಡಕೂಡದು. ಉಪ್ಪು ಕಣಗಳನ್ನು ಬಿಡಿಸದೆ ಕೂಡಿಸುವುದರಿಂದ ಫಲಿತಾಂಶ ತಪ್ಪಾಗುವುದು. ಬರಿಯ ಎರೆಮಣ್ಣನ್ನು ಎಂದಿಗೂ ಮೇಲೆ ಹಾಕಬಾರದು. ಅದು ನೆನೆದಾಗ ಉಬ್ಬಿ, ಒಣಗಿದಾಗ ಬೆರಳು ತೂರುವಷ್ಟು ಬಿರುಕು ಬಿಡುವುದನ್ನು ಬೇಸಿಗೆಯ ಹೊಲದಲ್ಲಿ ನೋಡಿಯೇ ಇರುವಿರಿ. ಮಣ್ಣಿಗಾಗಿ ಹಳೆಯ ಬೂದಿದಿಬ್ಬಗಳನ್ನು ಅಗೆಯುವ ಪದ್ಧತಿ ಅಲ್ಲಲ್ಲಿ ಇದ್ದಿತು, ಅದನ್ನೂ ಮಾಡಬಾರದು. ಸುರಪುರ ಸೀಮೆಯ ಬೂದಿಹಾಳದ ದಿಬ್ಬವು ಸಾವಿರಾರು ವರ್ಷಗಳ ಹಿಂದೆ ದನ ಸಾಕಿಕೊಂಡು ಬಾಳಿದ ನವಶಿಲಾಯುಗದ ಜನರದೆಂದು ಪುರಾತತ್ತ್ವಜ್ಞರಾದ ಕೆ. ಪದ್ದಯ್ಯನವರ ಉತ್ಖನನದಿಂದ ತಿಳಿದುಬಂದಿರುವುದು. ಒಂದು ಗಾಡಿ ಮಣ್ಣಿಗಾಗಿ ಅಂಥದನ್ನು ಕಳೆದುಕೊಳ್ಳುವುದು ನಮಗೆ ಶೋಭಿಸದು.

ಇಷ್ಟು ಒಳ್ಳೆಯ ಮಾಳಿಗೆ ಬೀಳುವುದೇಕೆ? ಮುಖ್ಯ ಕಾರಣವು ನಮ್ಮ ಆರೈಕೆಯಲ್ಲಿಯೇ ಅಡಗಿದೆ ಎಂದರೆ ಆಶ್ಚರ್ಯವಾಗಬಹುದು. ಪ್ರತಿವರ್ಷ ಯುಗಾದಿ ಕಳೆದ ಮೇಲೆ, ಮೃಗಶಿರೆಯ ಮಳೆಗೆ ಮುಂಚೆ, ಮಾಳಿಗೆಯ ಮೇಲೆ ಹೊಸ ಮಣ್ಣು ಎಳೆಯುವುದು ವಾಡಿಕೆ. ಹಳೆಯದನ್ನು ಕೆರೆದು ತೆಗೆಯುವವರು ಕಡಿಮೆ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಒಂದು ಖೋಲಿಯ ಮೇಲೆ ಒಂದು ಅಂಗುಲ ಮಣ್ಣು ಹಾಕಿದರೆ ಅದರ ತೂಕ ಸುಮಾರು ೪ ಕ್ವಿಂಟಲ್ ಆಗುವುದು. ಒಂದು ಅಡಿ ದಪ್ಪಕ್ಕೆ ೪೮ ಕ್ವಿಂಟಲ್. ವರ್ಷಕ್ಕೆ ಅರ್ಧ ಅಂಗುಲದಂತೆ ಹಾಕುತ್ತ ಹೋದರೆ ಇಪ್ಪತ್ತು ವರ್ಷಗಳಲ್ಲಿ ಇನ್ನೂ ೪೦ ಕ್ವಿಂಟಲ್ ಕೂಡುವುದು. ಅದೂ ಒಣಗಿದ ಮಣ್ಣಿನ ಲೆಕ್ಕ, ನೆನೆದರೆ ಮತ್ತಷ್ಟು. ತಾತನ ಕಾಲದಲ್ಲಿ ಅಳತೆ ನೋಡಿ ಹಾಕಿದ ಜಂತಿಯು ಮೊಮ್ಮಗನ ಕಾಲಕ್ಕೆ ಎರಡರಷ್ಟು ಭಾರವನ್ನು ಹೊತ್ತಿರುವುದು. ಒಂದು ಗ್ರಾಮದಲ್ಲಿ ಅರ್ಧ ಕುಸಿದ ಮಾಳಿಗೆಯ ಅಂಚನ್ನು ನಾನು ಅಳೆದು ನೋಡಿದ್ದೆನು. ಮಣ್ಣಿನ ದಪ್ಪ ೨೨ ಅಂಗುಲವಿದ್ದಿತು. ಬೂದುಬಣ್ಣದ ಒಂದು ಪದರ, ಬಿಳುಪಾದ ಒಂದು ಪದರ, ಹೀಗೆ ಮರದ ಕೊರಡಿನ ಬಳೆಗಳಂತೆ ಒಂದರ ಮೇಲೊಂದು ಎಣಿಸಬಹುದಾಗಿದ್ದಿತು. ಮನೆಯ ಯಜಮಾನರು, “ಒಂದು ವರ್ಷವೂ ತಪ್ಪಿಸಿಲ್ಲ” ಎಂದು ದುಃಖದಿಂದ ಹೇಳಿದರು. ಅವರು ಹೇಳಿದುದು ನಿಜವೇ ಆಗಿದ್ದಿತು. ಮನೆಯನ್ನು ಕೆಡಹಿದುದೂ ಅದೇ.

ಆದುದರಿಂದ ಹೊಸ ಮಣ್ಣು ಹಾಕುವುದಕ್ಕೆ ಮೊದಲು ಅಷ್ಟೇ ಹಳೆಯ ಮಣ್ಣನ್ನು ಕೆರೆದು ಕೆಳಗಿಳಿಸತಕ್ಕದ್ದು. ಕುಂಬಿಯ ಒಳಬದಿಯಲ್ಲಿ ಒಂದು ಕಲ್ಲಿನ ಮೇಲೆ ಗುರುತು ಕೊರೆದಿಟ್ಟರೆ ಮಣ್ಣಿನ ಮಟ್ಟ ಅದನ್ನು ದಾಟಿತೋ ಇಲ್ಲವೋ ಎಂಬುದು ಹುಡುಗರಿಗೂ ತಿಳಿಯುವುದು. ಇಳಿಜಾರು ಹರನಾಳಿಗೆಯ ಕಡೆಗೆ ಸರಿಯಾಗಿರಬೇಕು. ಹತ್ತು ಅಡಿ ಚೌಕದ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೨೩೬ ಲೀಟರ್ ನೀರಾಗುವುದು. ಅದು ಹೊರಬೀಳಲು ದಾರಿಯಿಲ್ಲದಿದ್ದರೆ ಒಳಗೆ ಬೀಳುವುದು. ಹರನಾಳಿಗೆಯು ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಚಾಚಿರಬೇಕು. ಗೋಡೆಯ ಬುಡಕ್ಕೆ ಬೀಳುವ ನೀರು ಮಣ್ಣಿನ ಗಾರೆಯನ್ನು ಕರಗಿಸಿ ಗೋಡೆಯನ್ನೇ ಉಬ್ಬಿಸುವುದು.

ಎರಡನೆಯ ಕಾರಣವು ಜಂತಿಯ ತಲೆ, ಎಂದರೆ ಗೋಡೆಯೊಳಗೆ ಹೂತಿರುವ ಅದರ ತುದಿ. ನಡುವೆ ಕಾಣುವ ಮರವು ಹೊಗೆ ಹಿಡಿದು ಕಪ್ಪಾಗಿ ಕಬ್ಬಿಣದಂತಿರುವುದು. ಗಾಳಿಯಾಡದೆ ತೇವವುಳಿಯುವ ಗೋಡೆಯೊಳಗಿನ ಒಂದು ಗೇಣು ಮಾತ್ರ ಲಡ್ಡಾಗಿ ಗೆದ್ದಲು ಹಿಡಿದಿರುವುದು. ಬಡಿಗೇರರು ದಬ್ಬಣದಿಂದ ತುದಿಯ ಬಳಿ ಚುಚ್ಚಿ ನೋಡುವರು. ದಬ್ಬಣ ಸಲೀಸಾಗಿ ಇಳಿದರೆ ಆ ಜಂತಿಯ ಆಯುಷ್ಯ ತೀರಿತು. ಒಳ್ಳೆಯ ಸಾಗವಾನಿ ಮರದ ಜಂತಿಗಳು ತುದಿ ಒಣಗಿರುವವರೆಗೆ ಮೂರು ತಲೆಮಾರು ಬಾಳಿದುದುಂಟು. ಹಸಿಯಾಗಿಯೇ ಕಡಿದು ಏರಿಸಿದ ಜಾಲಿಯ ಬಿಳಿಮರವು ಹತ್ತು ವರ್ಷಗಳಲ್ಲಿ ಹುಡಿಯಾಗುವುದು. ಬೇವಿನ ಮರವು ಇವೆರಡರ ನಡುವಣದು. ಎಲೆ ಕಹಿಯೆಂದು ಮರಕ್ಕೆ ಹುಳು ಬೀಳದೆಂದು ನಂಬಬಾರದು. ಒಂದೆರಡು ಜಂತಿ ಕೆಟ್ಟರೆ ಅವನ್ನಷ್ಟೇ ಬದಲಾಯಿಸಬಹುದೆಂಬುದು ಮಾಳಿಗೆಯ ದೊಡ್ಡ ಗುಣ. ಮಾಳಿಗೆ ಒಮ್ಮೆಗೇ ಸಾಯುವುದಿಲ್ಲ, ನಾವು ನೋಡದೆ ಬಿಟ್ಟಾಗ ಸಾಯುವುದು. ಶಿಶುನಾಳದ ಶರೀಫ ಸಾಹೇಬರು ತತ್ತ್ವ ಹೇಳಲು ಸೋರುವ ಮಾಳಿಗೆಯನ್ನೇ ಆರಿಸಿಕೊಂಡರು. ಕೇಳುವವರಲ್ಲಿ ಅದನ್ನು ಕಾಣದವರು ಯಾರೂ ಇದ್ದಿರಲಾರರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರಿಗೆ ಮಾಳಿಗೆಯ ಸೊಪ್ಪಿಗೂ ಮಣ್ಣಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿರೆಂದು ಹೇಳಿದ್ದೆನು. ಎರಡು ವರ್ಷ ಒಂದು ಹನಿಯೂ ಸೋರಲಿಲ್ಲ. ಆಮೇಲೆ ಇಲಿಗಳು ಹಾಳೆಯನ್ನು ಕೊರೆದುವು. ಆ ರಂಧ್ರದಿಂದ ಇಳಿದ ನೀರು ಹಾಳೆಯ ಕೆಳಗೆ ಹರಡಿ, ಮೇಲಕ್ಕೆ ಆರಿಹೋಗಲು ದಾರಿಯಿಲ್ಲದೆ ಸೊಪ್ಪಿನಲ್ಲಿಯೇ ನಿಂತಿತು. ಐದನೆಯ ವರ್ಷ ಮಣ್ಣು ತೆಗೆದು ನೋಡಿದಾಗ ಆರು ಜಂತಿಗಳು ಮೇಲ್ಭಾಗದಿಂದ ಲಡ್ಡಾಗಿದ್ದುವು. ಮಣ್ಣು ನೆನೆಯುವುದು, ಮತ್ತೆ ಆರುವುದು. ಈ ಆರುವ ಗುಣವನ್ನು ಕಟ್ಟಿಹಾಕಿದರೆ ಮರಕ್ಕೆ ಕೇಡು. ಹಾಳೆ ಹಾಸಲೇಬೇಕೆಂದರೆ ಮಳೆಗಾಲದಲ್ಲಿ ಮಣ್ಣಿನ ಮೇಲೆ ಹೊದಿಸಿ ಬಿಸಿಲು ಬಂದೊಡನೆ ತೆಗೆಯುವುದು ಲೇಸು.

ಇನ್ನು ಕಲ್ಲಿನ ಚಾವಣಿ. ಶಹಾಪುರ ತಾಲೂಕಿನ ಶಿರವಾಳದಲ್ಲಿರುವ ಪುರಾತನ ದೇವಾಲಯಗಳನ್ನು ನೋಡಿದವರಿಗೆ ಕಲ್ಲುಹಾಸಿನ ಚಾವಣಿ ಶತಮಾನಗಳ ಕಾಲ ನಿಲ್ಲಬಲ್ಲುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಕಲ್ಲನ್ನು ಹೊತ್ತಿರುವುದೂ ಕಲ್ಲೇ. ನಮ್ಮ ಮನೆಗಳ ಮೇಲೆ ಹಾಕುವುದು ಭೀಮಾ ನದಿಯ ಕಣಿವೆಯಲ್ಲಿ ಪದರ ಪದರವಾಗಿ ಏಳುವ ಸುಣ್ಣಕಲ್ಲು. ಶಹಾಬಾದಿನ ಹೆಸರಿನಿಂದ ಪರಸಿಯೆಂದು ಎಲ್ಲೆಡೆ ಮಾರಾಟವಾಗುವುದು ಇದೇ. ಎರಡು ಅಂಗುಲ ದಪ್ಪದ ಪರಸಿ ಹಾಸಿದರೆ ಹತ್ತು ಅಡಿ ಚೌಕದ ಖೋಲಿಗೆ ಸುಮಾರು ೧೨ ಕ್ವಿಂಟಲ್ ಮಾತ್ರ ಭಾರ ಬೀಳುವುದು, ಮಣ್ಣಿನ ಕಾಲುಭಾಗ. ಮಳೆಗೆ ಕರಗದು, ಗೆದ್ದಲು ತಿನ್ನದು. ಆದರೆ ಕಲ್ಲಿಗೆ ಒಂದು ದುರ್ಗುಣವುಂಟು. ಮರವು ಮುರಿಯುವುದಕ್ಕೆ ಮುಂಚೆ ಬಾಗಿ, ಸದ್ದು ಮಾಡಿ ಎಚ್ಚರಿಸುವುದು. ಕಲ್ಲು ಎಚ್ಚರಿಸದೆ ಒಮ್ಮೆಲೇ ಒಡೆಯುವುದು. ಆದುದರಿಂದ ಕೆಳಗಿನ ಗರ್ಡರುಗಳನ್ನು ಮೂರು ಅಡಿಗಿಂತ ದೂರ ಇಡಿಸಬಾರದು. ಹಾಸುವ ಮೊದಲು ಪ್ರತಿಯೊಂದು ಕಲ್ಲನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಗಂಟೆಯಂತೆ ನಾದ ಬರುವುದನ್ನು ಇಟ್ಟುಕೊಂಡು ಮಂಕಾಗಿ ನುಡಿಯುವುದನ್ನು ನೆಲಹಾಸಿಗೆ ಬಿಡಬೇಕು. ಈ ಚಾವಣಿಯಲ್ಲಿ ಮೊದಲು ಕೆಡುವುದು ಕಲ್ಲಲ್ಲ, ಸಂದು. ಸಂದಿನ ಗಾರೆ ಬಿರಿದು ಇಳಿದ ನೀರು ಗರ್ಡರಿನ ಮೇಲ್ಭಾಗದಲ್ಲಿ ನಿಂತು ತುಕ್ಕು ಹಿಡಿಸುವುದು. ಎರಡು ಮೂರು ವರ್ಷಗಳಿಗೊಮ್ಮೆ ಸಂದನ್ನು ಕೆರೆದು ಹೊಸ ಗಾರೆ ತುಂಬಿ, ಗರ್ಡರಿಗೆ ಬಣ್ಣ ಹಚ್ಚುವವರ ಮನೆಯಲ್ಲಿ ಇಂಥ ಚಾವಣಿ ೬೦–೭೦ ವರ್ಷ ನಿಲ್ಲುವುದರಲ್ಲಿ ಸಂದೇಹವಿಲ್ಲ. ನನ್ನನ್ನು ಕೇಳಿದರೆ ಧಾನ್ಯ ಇಡುವ ಖೋಲಿಗೆ ಇದಕ್ಕಿಂತ ಮೇಲಾದುದಿಲ್ಲ.

ಹುಲ್ಲಿನ ಚಾವಣಿಯ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಜೋಳದ ದಂಟು, ಕಾಡುಹುಲ್ಲುಗಳ ಹೊದಿಕೆ ಎರಡು ಮೂರು ವರ್ಷ. ಭತ್ತದ ಹುಲ್ಲು ಮೃದುವಾದುದರಿಂದ ಒಂದೆರಡು ವರ್ಷ. ಇಳಿಜಾರು ಕಡಿದಾದಷ್ಟೂ ಬಾಳಿಕೆ ಹೆಚ್ಚು. ಬೆಂಕಿಯ ಭಯವೇ ಇದರ ದೊಡ್ಡ ದೋಷ. ಮೇವಿನ ಬಣವೆಗೆ ಹತ್ತಿರ ಇಂಥ ಗುಡಿಸಲು ಇರಕೂಡದು.

ಮಂಗಳೂರು ಹಂಚನ್ನು ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬುವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಾಡಿಸಲಾರಂಭಿಸಿದರು. ಚೆನ್ನಾಗಿ ಸುಟ್ಟ ಹಂಚು ಐವತ್ತು ವರ್ಷ ಮೀರಿ ಬಾಳುವುದು. ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬಹುದು. ಅದರ ಕೆಳಗಿನ ರೀಪುಗಳಾದರೋ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬದಲಾವಣೆ ಬೇಡುವುವು. ಭಾರವೂ ಕಡಿಮೆ, ಹತ್ತು ಅಡಿ ಚೌಕಕ್ಕೆ ಸುಮಾರು ೪ ಕ್ವಿಂಟಲ್. ನಮ್ಮ ಊರುಗಳಲ್ಲಿ ಹಂಚಿನ ನಿಜವಾದ ವೈರಿ ಮಳೆಯಲ್ಲ, ಮಂಗಗಳು. ಮಂಗಗಳ ಹಾವಳಿಯಿರುವ ಗ್ರಾಮದಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ನೂರಕ್ಕೆ ಐದು ಹಂಚನ್ನಾದರೂ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಲೇಸು.

ತಗಡಿನ ಚಾವಣಿಯ ಆಯುಷ್ಯವು ತಗಡಿಗೆ ಬಳಿದ ಸತುವಿನಲ್ಲಿದೆ. ಸತು ದಪ್ಪವಾಗಿರುವ ತಗಡು ನಮ್ಮ ಒಣಹವೆಯಲ್ಲಿ ೩೦ ವರ್ಷ ನಿಲ್ಲುವುದು. ಅಗ್ಗದ ತೆಳು ಲೇಪದ್ದು ಹತ್ತು ಹನ್ನೆರಡು ವರ್ಷಗಳಲ್ಲಿ ಕೆಂಪಾಗುವುದು. ಕೊಳ್ಳುವಾಗ ಎಲ್ಲರೂ ತಗಡಿನ ದಪ್ಪವನ್ನು ಕೇಳುವರು. ಚದರ ಮೀಟರಿಗೆ ಎಷ್ಟು ಗ್ರಾಂ ಸತುವೆಂದು ಕೇಳುವವರು ವಿರಳ. ದನದ ಕೊಟ್ಟಿಗೆಯಲ್ಲಿ ಗಂಜಲದಿಂದೇಳುವ ಅಮೋನಿಯಾ ಎಂಬ ಅನಿಲವು ಸತುವನ್ನು ತಿನ್ನುವುದರಿಂದ ಮನೆಯ ಮೇಲಿನ ತಗಡಿಗಿಂತ ಕೊಟ್ಟಿಗೆಯ ಮೇಲಿನದು ಬೇಗ ಕೆಡುವುದು. ಗಂಜಲ ಹರಿದುಹೋಗಲು ಕಾಲುವೆಯನ್ನೂ ಸೂರಿನ ಕೆಳಗೆ ಗಾಳಿಗೆ ಸಂದನ್ನೂ ಬಿಡಬೇಕು. ತಗಡಿನ ಭಾರ ಹತ್ತು ಅಡಿ ಚೌಕಕ್ಕೆ ಅರ್ಧ ಕ್ವಿಂಟಲಷ್ಟೇ. ಬೇಸಿಗೆಯ ಬಿರುಗಾಳಿಗೆ ಅದು ಹಾರಿ ಹೋಗಲು ಈ ಹಗುರತನವೇ ಕಾರಣ. ಮೊಳೆಯನ್ನು ತಗಡಿನ ಅಲೆಯ ಏಣಿನ ಮೇಲೆ ಹೊಡೆಯಬೇಕು, ತಗ್ಗಿನಲ್ಲಿ ಹ��ಡೆದರೆ ಅಲ್ಲಿಂದಲೇ ಸೋರುವುದು. ಕಲ್ಲು ಹೇರಿ ಬಿಡುವುದು ಅಪಾಯಕರ. ಗಾಳಿಗೆ ತಗಡಿನೊಡನೆ ಕಲ್ಲೂ ಬರುವುದು. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನಡಿ ಕಟ್ಟಿದ ಎಮ್ಮೆ ಹಾಲು ಕಡಿಮೆ ಕೊಡುವುದನ್ನು ಕಂಡವರು ಒಳಗಡೆ ದಂಟಿನ ತಟ್ಟಿಯನ್ನು ಕಟ್ಟಿಸಿರುವರು, ಇದು ಅನುಕರಣೀಯವಾದುದು.

ಸಿಮೆಂಟ್ ತಗಡು ಎಂದು ಮಾರುವ ಆಸ್ಬೆಸ್ಟಾಸ್ ಹಾಳೆಗಳು ತುಕ್ಕು ಹಿಡಿಯವು, ಮೂವತ್ತು ವರ್ಷ ಬರುವುವು. ಆದರೆ ವಯಸ್ಸಾದಂತೆ ಪೆಡಸಾಗಿ ಕಾಲಿಟ್ಟೊಡನೆ ಒಡೆಯುವುವು. ಏರಿದವರು ಕೆಳಗೆ ಬೀಳುವರು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಕ್ಯಾನ್ಸರಿಗೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟವಾಗಿ ಹೇಳಿದೆ. ಹೊಸದಾಗಿ ಇದನ್ನು ಹಾಕಿಸುವುದು ಬೇಡ. ಈಗಾಗಲೇ ಇರುವುದನ್ನು ಗರಗಸದಿಂದ ಕೊಯ್ಯಬಾರದು, ಒಡೆದ ಚೂರುಗಳನ್ನು ಅಂಗಳಕ್ಕೂ ದಾರಿಗೂ ಹಾಕಬಾರದು.

ಈಗ ಎಲ್ಲರ ಮನಸ್ಸಿನಲ್ಲಿರುವ ಸ್ಲ್ಯಾಬಿನ ಮಾತಿಗೆ ಬರೋಣ. ಸಿಮೆಂಟಾಗುವುದೂ ಭೀಮೆಯ ಕಣಿವೆಯ ಆ ಸುಣ್ಣಕಲ್ಲೇ. ಶಹಾಬಾದ, ವಾಡಿಗಳಲ್ಲಿ ಕಾರ್ಖಾನೆಗಳು ಎದ್ದುದು ಅದರಿಂದಲೇ. ಸ್ಲ್ಯಾಬು ಒಮ್ಮೆ ಹಾಕಿದರೆ ಮುಗಿಯಿತು, ಮತ್ತೆ ನೋಡಬೇಕಾಗಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ಸರಿಯಾಗಿ ಹಾಕಿದ ಸ್ಲ್ಯಾಬು ಐವತ್ತು ವರ್ಷ ಮೀರಿ ಬಾಳುವುದು ನಿಜ. ಆದರೆ ಹನ್ನೆರಡು ವರ್ಷಕ್ಕೇ ಅಡಿಯ ಗಾರೆ ಉದುರಿ ಸರಳುಗಳು ಪಕ್ಕೆಲುಬಿನಂತೆ ಕಾಣುವ ಸ್ಲ್ಯಾಬುಗಳನ್ನೂ ಈ ಮೂರು ತಾಲೂಕುಗಳಲ್ಲಿ ಕಂಡಿದ್ದೇನೆ. ಮಾಳಿಗೆಯಲ್ಲಿ ಜಂತಿಯ ತಲೆ ಹೇಗೋ ಇಲ್ಲಿ ಕಬ್ಬಿಣದ ಸರಳು ಹಾಗೆ, ಕಣ್ಣಿಗೆ ಕಾಣದ ದುರ್ಬಲ ಅಂಗ. ಹೊಸ ಸಿಮೆಂಟಿನಲ್ಲಿರುವ ಕ್ಷಾರವು ಸರಳಿಗೆ ತುಕ್ಕು ಹಿಡಿಯದಂತೆ ಕಾಯುವುದು. ಗಾಳಿಯಲ್ಲಿರುವ ಇಂಗಾಲಾಮ್ಲವು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಒಳಸೇರಿ ಈ ಕ್ಷಾರವನ್ನು ಕೊಲ್ಲುತ್ತ ಬರುವುದು. ಅದು ಸರಳನ್ನು ಮುಟ್ಟಿದ ದಿನದಿಂದ, ನೀರೂ ಸಿಕ್ಕರೆ, ತುಕ್ಕು ಆರಂಭವಾಗುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಗಾರೆಯನ್ನು ಒಡೆದು ಕೆಡಹುವುದು. ಜಂತಿಯನ್ನು ಬದಲಾಯಿಸಿದಂತೆ ಸರಳನ್ನು ಬದಲಾಯಿಸಲಾಗದು.

ಹಾಗಾದರೆ ಸ್ಲ್ಯಾಬಿನ ಐವತ್ತು ವರ್ಷಗಳು ಅದನ್ನು ಹಾಕುವ ಒಂದು ದಿನದಲ್ಲಿಯೂ ಅನಂತರದ ಹತ್ತು ದಿನಗಳಲ್ಲಿಯೂ ನಿರ್ಧಾರವಾಗುವುವೆಂದಾಯಿತು. ಯಜಮಾನರು ಆ ದಿನ ಊಟದ ಏರ್ಪಾಡು ನೋಡಿಕೊಳ್ಳುವುದಕ್ಕಿಂತ ಸೆಂಟ್ರಿಂಗಿನ ಮೇಲೆ ನಿಲ್ಲುವುದು ಲೇಸು. ಸರಳುಗಳು ಸೆಂಟ್ರಿಂಗಿನ ತಗಡಿಗೆ ತಗಲಿ ಮಲಗಿರಬಾರದು; ಮುಕ್ಕಾಲು ಅಂಗುಲ ದಪ್ಪದ ಗಾರೆಯ ಬಿಲ್ಲೆಗಳನ್ನು ಮೊದಲೇ ಮಾಡಿಟ್ಟು ಅಲ್ಲಲ್ಲಿ ಅಡಿಗಿಡಿಸಬೇಕು. ಗೌಂಡಿಗಳು ಕಲಸಿದ್ದು ಸುಲಭವಾಗಿ ಹರಿಯಲೆಂದು ನೀರು ಹೆಚ್ಚು ಹಾಕುವರು. ಆ ಹೆಚ್ಚಿನ ನೀರು ಆರಿದ ಮೇಲೆ ಒಳಗೆ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುವುದು. ಉಸುಕು ಮಣ್ಣಿಲ್ಲದ್ದಾಗಿರಬೇಕು, ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಅಂಗೈಗೆ ಕೆಸರು ಅಂಟಬಾರದು. ನೀರಿನ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷವಾಗಿ ಎಚ್ಚರದಿಂದಿರತಕ್ಕದ್ದು. ಅನೇಕ ಕೊಳವೆಬಾವಿಗಳ ನೀರು ಸವುಳಾಗಿರುವುದು. ಅದರಲ್ಲಿನ ಕ್ಲೋರೈಡ್ ಉಪ್ಪು ಸರಳಿಗೆ ವಿಷ. ಲೀಟರಿಗೆ ೫೦೦ ಮಿಲಿಗ್ರಾಂ ಕ್ಲೋರೈಡಿಗಿಂತ ಹೆಚ್ಚಿರುವ ನೀರನ್ನು ಸರಳು ಕೂಡಿದ ಕಾಂಕ್ರೀಟಿಗೆ ಬಳಸಬಾರದೆಂದು ಭಾರತೀಯ ಮಾನಕದಲ್ಲಿ ಹೇಳಿದೆ. ಬಾಯಿಗೆ ಉಪ್ಪೆನ್ನಿಸುವ ನೀರನ್ನು ಬಿಟ್ಟು ಕಾಲುವೆಯ ಸಿಹಿನೀರನ್ನು ಟ್ಯಾಂಕರಿನಲ್ಲಿ ತರಿಸಿದರೆ ಆಗುವ ಖರ್ಚು ಅಲ್ಪ. ಹಾಕಿದ ಮೇಲೆ ನಮ್ಮಂಥ ಬಿಸಿ ಒಣಹವೆಯಲ್ಲಿ ಹತ್ತು ದಿನಗಳಿಗೆ ಕಡಿಮೆಯಿಲ್ಲದೆ ಹಗಲಿರುಳೂ ತೇವವಿರುವಂತೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು. ಭತ್ತದ ಗದ್ದೆಗೆ ನೀರು ಕಟ್ಟಲು ಬಲ್ಲವರಿಗೆ ಇದನ್ನು ಕಲಿಸಬೇಕಾಗಿಲ್ಲ; ಆದರೂ ಮೂರನೆಯ ದಿನಕ್ಕೆ ಬಿಟ್ಟುಬಿಡುವವರೇ ಬಹಳ.

ಮುಂದೆ ಮಗನು ಮಹಡಿ ಕಟ್ಟುವನೆಂದು ಕಂಬಗಳ ಸರಳುಗಳನ್ನು ಮೇಲೆ ಚಾಚಿ ಬಿಡುವುದು ಇನ್ನೊಂದು ರೂಢಿ. ಬರಿದಾದ ಸರಳು ತುಕ್ಕು ಹಿಡಿದು ಆ ತುಕ್ಕು ಕಂಬದೊಳಕ್ಕೂ ಇಳಿಯುವುದು. ಬಿಡಲೇಬೇಕೆಂದರೆ ಅವುಗಳ ಮೇಲೆ ತೆಳು ಗಾರೆಯ ಹೊದಿಕೆ ಮಾಡಿಸಬೇಕು.

ಹಳೆಯ ಮನೆಯ ಮೇಲೆ ಸ್ಲ್ಯಾಬು ಹಾಕಿಸುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಾಲ್ಕು ಅಂಗುಲದ ಸ್ಲ್ಯಾಬು ಹತ್ತು ಅಡಿ ಚೌಕಕ್ಕೆ ಸುಮಾರು ೨೪ ಕ್ವಿಂಟಲ್ ತೂಗುವುದು. ಒಂದು ಅಡಿ ಮಣ್ಣಿನ ಅರ್ಧ. ಭಾರವೇ ಕಡಿಮೆಯಾಯಿತು, ಹಳೆಯ ಗೋಡೆಗೆ ಏನು ಭಯವೆಂದು ಬುದ್ಧಿವಂತರಾದ ರೈತರೇ ನನ್ನೊಡನೆ ವಾದಿಸಿರುವರು. ಆದರೆ ಹಳೆಯ ಮನೆಯಲ್ಲಿ ಅಂಕಣ ಅಂಕಣಕ್ಕೂ ಕಂಬಗಳಿದ್ದು ಮಾಳಿಗೆಯ ಬಹುಭಾಗವನ್ನು ಅವೇ ಹೊತ್ತಿದ್ದುವು. ಸ್ಲ್ಯಾಬು ಹಾಕುವಾಗ ಜಾಗ ದೊಡ್ಡದಾಗಲೆಂದು ಕಂಬಗಳನ್ನು ಕಿತ್ತುಬಿಡುವರು. ಆಗ ಎಲ್ಲ ಭಾರವೂ ಮಣ್ಣಿನ ಗಾರೆಯ ಗೋಡೆಯ ಮೇಲೆ ಬೀಳುವುದು. ಮೇಲಾಗಿ ಸ್ಲ್ಯಾಬು ಬಿಸಿಲಿಗೆ ಹಿಗ್ಗಿ ಇರುಳು ಕುಗ್ಗುತ್ತ ದಿನದಿನವೂ ಗೋಡೆಯ ತಲೆಯನ್ನು ಹೊರಕ್ಕೆ ನೂಕುವುದು. ಒಣಗಿದ ಮಣ್ಣಿನ ಗೋಡೆ ಇದನ್ನು ತಾಳೀತು. ನಾಲ್ಕು ದಿನ ನೆನೆದ ಗೋಡೆ ತಾಳದು. ಸ್ಲ್ಯಾಬು ಬೇಕೆಂದರೆ ಗರಸಿನವರೆಗೆ ತೋಡಿದ ತಳಪಾಯದ ಮೇಲೆ ಹೊಸ ಕಂಬಗಳನ್ನು ಎಬ್ಬಿಸಿ ಅವುಗಳ ಮೇಲೆಯೇ ನಿಲ್ಲಿಸಬೇಕು. ಎರೆಭೂಮಿಯಲ್ಲಿ ಮೇಲುಮೇಲೆ ತೋಡಿದ ತಳಪಾಯವು ಮಣ್ಣಿನೊಡನೆ ಏರಿಳಿಯುವುದರಿಂದ ಎಂಥ ಸ್ಲ್ಯಾಬೂ ಕೆಳಗಿನಿಂದಲೇ ಬಿರಿಯುವುದು. ಇಷ್ಟು ಹಣವಿಲ್ಲದವರು ಮಾಳಿಗೆಯ ಮಣ್ಣನ್ನು ಇಳಿಸಿ, ಕೆಟ್ಟ ಜಂತಿಗಳನ್ನು ಬದಲಾಯಿಸಿ, ಅದನ್ನೇ ಉಳಿಸಿಕೊಳ್ಳುವುದು ಅರ್ಧ ಸ್ಲ್ಯಾಬಿಗಿಂತ ಉತ್ತಮವೆಂದು ನನ್ನ ಅಭಿಪ್ರಾಯ.

ಗ್ರಾಮದ ಗೌಡರೂ ಪಂಚಾಯತಿಯ ಸದಸ್ಯರೂ ಕಾರಹುಣ್ಣಿಮೆಗೆ ಮುಂಚೆ ಒಬ್ಬ ಬಡಿಗೇರರನ್ನೂ ಒಬ್ಬ ಗೌಂಡಿಯನ್ನೂ ಕರೆದುಕೊಂಡು ಊರಿನ ಹಳೆಯ ಮನೆಗಳನ್ನು ಒಂದು ಸುತ್ತು ನೋಡಿಬರಬೇಕು. ವಿಧವೆಯರ ಮನೆ, ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಲು ಹೋಗಿ ಮುದುಕರಷ್ಟೇ ಉಳಿದ ಮನೆ, ಬೀಗ ಹಾಕಿದ ಮನೆಗೆ ಒತ್ತಿಕೊಂಡಿರುವ ಮನೆ, ಇವುಗಳನ್ನು ಮೊದಲು ನೋಡತಕ್ಕದ್ದು. ಬೀಗ ಹಾಕಿದ ಮನೆಯ ಮಾಳಿಗೆ ನೆನೆದರೆ ನಡುಗೋಡೆಯ ಮೂಲಕ ಪಕ್ಕದವರ ಜಂತಿಯ ತಲೆಯೂ ಕೆಡುವುದು. ಈ ವಿಷಯದಲ್ಲಿ ದೂರ ಇರುವ ಮಾಲೀಕರಿಗೆ ಹೇಳಿಕಳುಹಿಸುವ ಅಧಿಕಾರವೂ ಮರ್ಯಾದೆಯೂ ಗೌಡರಿಗಲ್ಲದೆ ಬೇರೆಯವರಿಗಿರದು.

ಮಳೆ ಹಿಡಿದ ಮೇಲೆ ನೋಡಬೇಕಾದ ಲಕ್ಷಣಗಳು ಇವು: ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಬಿಗಿಯಾಗುವುದು, ಜಂತಿಗಳ ಸಂದಿನಿಂದ ಒಣಮಣ್ಣು ಉದುರುವುದು, ಗೋಡೆಯ ನಡುವೆ ಹೊಟ್ಟೆ ಬರುವುದು, ಇರುಳಿನಲ್ಲಿ ಮರ ಚಟಚಟ ಎನ್ನುವುದು. ಹುಬ್ಬೆಯಿಂದ ಹಸ್ತದವರೆಗಿನ ಜಿಟಿಜಿಟಿ ಮಳೆ ಮೂರು ದಿನ ಬಿಡದೆ ಹಿಡಿದರೆ ಇವು ಹೆಚ್ಚಾಗಿ ಕಾಣಿಸುವುವು. ಜೋರುಮಳೆ ಹರಿದುಹೋಗುವುದು, ಜಿಟಿಮಳೆ ಒಳಗಿಳಿಯುವುದು. ಮಳೆ ನಿಂತಿತೆಂದು ನೆಮ್ಮದಿಯಾಗಿರಲೂಬಾರದು. ಬಿಸಿಲು ಬಿದ್ದ ಎರಡನೆಯ ಮೂರನೆಯ ದಿನ ಗೋಡೆ ಕುಸಿದುದನ್ನು ಬಹಳ ಸಲ ಕಂಡಿದ್ದೇವೆ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಮೊದಲು ಮಕ್ಕಳನ್ನೂ ಮುದುಕರನ್ನೂ, ಅನಂತರ ದನಗಳನ್ನು, ಕಡೆಗೆ ಚೀಲಗಳನ್ನು ಹೊರತರತಕ್ಕದ್ದು. ಚೀಲಗಳಿಗಾಗಿ ಒಳಗೆ ಮರಳಿ ಹೋದವರೇ ಹೆಚ್ಚಾಗಿ ಸಿಕ್ಕಿಬಿದ್ದಿರುವರು. ಅಂಥ ಇರುಳು ಆ ಕುಟುಂಬಗಳು ಮಲಗಲು ಶಾಲೆಯೋ ಸಮುದಾಯ ಭವನವೋ ತೆರೆದಿರಬೇಕು. ಅದರ ಬೀಗದ ಕೈ ಯಾರ ಮನೆಯಲ್ಲಿದೆಯೆಂಬುದನ್ನು ಗೌಡರು ಮಳೆಗೆ ಮೊದಲೇ ತಿಳಿದಿಟ್ಟುಕೊಂಡಿರಬೇಕು.